ಒಳಗೆ ಹೋಗುವ ತೋಟಾ ಎಲ್ಲ ಹೊಂದುವ ತೋಟಾ ಅಲ್ಲ

ಭತ್ತ ಹಾಲುಗಟ್ಟುವ ಹೊತ್ತಿಗೆ, ಅಡಿಕೆ ಕೊನೆ ಇಳಿಸುವ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಎದ್ದು ಕೂರುತ್ತದೆ. ಶಿವಮೊಗ್ಗ-ಭದ್ರಾವತಿ ಬಸ್ಸಿನ ಹಿಂದಿನ ಸೀಟಿನಲ್ಲೂ ಕೇಳಿಸುತ್ತದೆ, ಗಾಂಧಿ ಬಜಾರಿನ ಅಂಗಡಿ ಕಟ್ಟೆಯ ಮೇಲೂ ಕೇಳಿಸುತ್ತದೆ. "ಅಜ್ಜನ ಕಾಲದ ಕೋವಿ ಒಂದಿದೆ ಮಾರಾಯ್ರೆ. ಲೈಸೆನ್ಸೂ ಇದೆ. ಅದಕ್ಕೆ ತೋಟಾ ಎಲ್ಲಿ ಸಿಗ್ತದೆ?"

ಎಲ್ಲಿ ಸಿಗ್ತದೆ ಅನ್ನುವುದು ದೊಡ್ಡ ಸಮಸ್ಯೆಯೇ ಅಲ್ಲ. ಲೈಸೆನ್ಸ್ ಇರುವ ಮದ್ದುಗುಂಡಿನ ಅಂಗಡಿಗೆ ಹೋಗಿ 12 ಬೋರ್ ಅಂದರೆ ತೋಟಾ ಕೊಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಮನೆಗೆ ಬಂದು ಕೋವಿ ಮುರಿದು ಹಾಕಿದರೆ ಸಲೀಸಾಗಿ ಒಳಗೆ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. ಒಳಗೆ ಹೋಗದ ತೋಟಾದಿಂದ ಯಾರ ಕಣ್ಣೂ ಹೋಗುವುದಿಲ್ಲ. ಸಲೀಸಾಗಿ ಒಳಗೆ ಹೋಗಿ, ಆ ಕೋವಿಗೆ ಹೊಂದದ ತೋಟಾ ಇದೆಯಲ್ಲ, ಅದು ಎಡಗೈ ಬೆರಳು ಕೇಳುತ್ತದೆ, ಕಣ್ಣು ಕೇಳುತ್ತದೆ.

ಈ ವಿಷಯ ನಮ್ಮ ಜಿಲ್ಲೆಯಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಕೋವಿ ಇರುವವನಿಗೆ ಪೊಲೀಸರ ಭಯ. ಪೊಲೀಸರಿಗೆ ಕಾಗದ ಸರಿ ಇದ್ದರೆ ಸಾಕು. ಅಂಗಡಿಯವನಿಗೆ ವ್ಯಾಪಾರ. ಹಾಗಾಗಿ ಇಂದು ಈ ಅಂಕಣ ಅದಕ್ಕೇ ಮೀಸಲು.

ಕಾನೂನು ಏನು ಹೇಳುತ್ತದೆ?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಕೋವಿ ಇಟ್ಟುಕೊಂಡವರೆಲ್ಲ ಕಾಡುಗಳ್ಳರಲ್ಲ. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಆಯುಧ ಕಾಯ್ದೆ ನಮ್ಮವರ ಕೈಯಿಂದ ಆಯುಧ ಕಸಿಯಲಿಕ್ಕೆ ಬಂದದ್ದು. ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ನಮ್ಮದೇ ಆಯುಧ ಕಾಯ್ದೆ ಬಂತು, 1962ರಲ್ಲಿ ಜಾರಿಯಾಯಿತು. ಅದರ 13ನೇ ಕಲಮಿನಲ್ಲಿ ರೈತನ ಮಾತು ಸ್ಪಷ್ಟವಾಗಿ ಇದೆ. ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮ ಕೇಪಿನ ಕೋವಿಗೆ, ಲೈಸೆನ್ಸ್ ಕೊಡಬೇಕು ಎಂದಿದೆ. ಅದು ಸಾಲದು ಎಂದು ಅಧಿಕಾರಿಗೆ ಕಂಡರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ಆತ್ಮರಕ್ಷಣೆಗೆ, ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ ಅದೇ ಕಲಮಿನಲ್ಲಿ ಜಾಗವಿದೆ.

ಕೊಡಗಿನವರ ಮಾತೇ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಮ್ಮ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರದವರಿಗೆ ಆ ಭಾಗ್ಯ ಇಲ್ಲ. ಇಲ್ಲಿ ಕಾಗದ ಬೇಕೇ ಬೇಕು. "ಇದು ಹಳೇದು, ಪುರಾತನ ವಸ್ತು, ಇದಕ್ಕೆ ಲೈಸೆನ್ಸ್ ಬೇಡ" ಅನ್ನುವವರು ಇದ್ದಾರೆ. ಅದು ಅರ್ಧ ಸತ್ಯ. ಕಾಯ್ದೆಯ 45ನೇ ಕಲಮು ಪುರಾತನ ಆಯುಧಕ್ಕೆ ವಿನಾಯಿತಿ ಕೊಟ್ಟಿದೆ ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಈಡು ಹಾರಿಸಲು ಬಾರದಂಥ ಆಯುಧಕ್ಕೆ ಮಾತ್ರ. ತೋಟಾ ಹುಡುಕುತ್ತಿದ್ದೀರಿ ಅಂದ ಮೇಲೆ ನಿಮ್ಮ ಕೋವಿ ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು. ಲೈಸೆನ್ಸ್ ಅಜ್ಜನ ಹೆಸರಿನಲ್ಲಿದ್ದು ಅಜ್ಜ ತೀರಿಕೊಂಡಿದ್ದರೆ, ಕೋವಿ ಮೊಮ್ಮಗನ ಅಟ್ಟದಲ್ಲಿ ಇರುವ ಹಾಗಿಲ್ಲ. ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ, ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ವಂಶಪಾರಂಪರ್ಯದ್ದೂ ಸೇರಿ.

ಬೋರು ಒಂದೇ, ಮನೆ ಬೇರೆ

ಈಗ ತೋಟಾದ ಲೆಕ್ಕಕ್ಕೆ ಬರೋಣ. ಅಂಗಡಿಯಲ್ಲಿ ಕೂತು ತೂಕ ಅಳತೆ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. 12 ಬೋರ್ ಅಂದರೆ ಏನು? ಒಂದು ಪೌಂಡು ಸೀಸವನ್ನು ಸಮನಾಗಿ 12 ಉಂಡೆ ಮಾಡಿ. ಆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಒಳಗಲ ಅಷ್ಟು. ಸುಮಾರು ಹದಿನೆಂಟೂವರೆ ಮಿಲಿಮೀಟರ್. 16 ಉಂಡೆ ಮಾಡಿದರೆ 16 ಬೋರ್, 20 ಮಾಡಿದರೆ 20 ಬೋರ್. ಅಂಕಿ ಹೆಚ್ಚಾದಂತೆ ನಳಿಗೆ ಸಣ್ಣ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಚೇಂಬರಿನ ಉದ್ದ. ಚೇಂಬರ್ ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಮನೆ. ಹಳೆ ಇಂಗ್ಲಿಷ್ ಕೋವಿಗಳಲ್ಲಿ ಬಹುಪಾಲು ಈ ಮನೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಇಂದಿನ ತೋಟಾ ಸಾಮಾನ್ಯವಾಗಿ ಎರಡೂ ಮುಕ್ಕಾಲು ಇಂಚು, 70 ಮಿಲಿಮೀಟರ್. ಮೂರು ಇಂಚಿನ, 76 ಮಿಲಿಮೀಟರಿನ ಮ್ಯಾಗ್ನಂ ತೋಟಾವೂ ಉಂಟು. ಬೋರು ಮೂರಕ್ಕೂ ಒಂದೇ, 12.

"65ರ ಮನೆಗೆ 70ರ ತೋಟಾ ಹೇಗಯ್ಯಾ ಹೋಗುತ್ತದೆ?" ಅಂತ ನೀವು ಕೇಳಬೇಕು. ಹೋಗುತ್ತದೆ ಸ್ವಾಮಿ. ತೋಟಾದ ಮೇಲೆ ಬರೆದ ಉದ್ದ, ಅದು ಹಾರಿದ ಮೇಲಿನ ಉದ್ದ. ಹೊಸ ತೋಟಾದ ಬಾಯಿ ಒಳಕ್ಕೆ ಮಡಚಿರುತ್ತದೆ, ಕಡಲೆಕಾಯಿ ಪೊಟ್ಟಣದ ಬಾಯಿ ಮಡಚಿದ ಹಾಗೆ. ಹಾಗಾಗಿ ಗಿಡ್ಡವಾಗಿ ಕಂಡು ಒಳಗೆ ಕೂರುತ್ತದೆ. ಕುದುರೆ ಎಳೆದಾಗ ಆ ಮಡಿಕೆ ಬಿಚ್ಚಿಕೊಳ್ಳಬೇಕು. ಮನೆ ಗಿಡ್ಡವಾದರೆ ಬಿಚ್ಚಿಕೊಳ್ಳಲು ಜಾಗವೇ ಇಲ್ಲ. ನಳಿಗೆ ಕಿರಿದಾಗುವ ಕುತ್ತಿಗೆಯೊಳಕ್ಕೆ ಮಡಿಕೆ ನುಗ್ಗಿ ದಾರಿ ಇರುಕಾಗುತ್ತದೆ. ಹಿಂದಿನಿಂದ ಮದ್ದಿನ ಒತ್ತಡ, ಮುಂದೆ ಇರುಕು. ಅದರ ಜೊತೆಗೆ 70ರ ತೋಟಾದಲ್ಲಿ ಮದ್ದು, ಚರೆ ಎರಡೂ ಹೆಚ್ಚು ಇರಬಹುದು. ಹಳೆ ಕೋವಿಗೆ ಎರಡು ಕಡೆಯಿಂದ ಹೊಡೆತ.

ಇಂಗ್ಲೆಂಡಿನಲ್ಲಿ 1954ರ ನಿಯಮದ ನಂತರ ನಳಿಗೆಯ ಮೇಲೇ ಈ ಲೆಕ್ಕ ಕೊರೆದರು. ಎರಡೂವರೆ ಇಂಚಿನ ಮನೆಗೆ ಚದರ ಇಂಚಿಗೆ 3 ಟನ್, ಎರಡೂ ಮುಕ್ಕಾಲಿಗೆ ಮೂರೂಕಾಲು ಟನ್, ಮೂರು ಇಂಚಿಗೆ 4 ಟನ್. ಮೂರು ಟನ್ನಿನ ಸೇತುವೆ ಮೇಲೆ ನಾಲ್ಕು ಟನ್ನಿನ ಲಾರಿ ಓಡಿಸಿದರೆ ಒಂದು ದಿನ ದಾಟಬಹುದು, ಎರಡು ದಿನ ದಾಟಬಹುದು. ಮೂರನೇ ದಿನ? "ಹೋದ ವರ್ಷ ಹತ್ತು ಈಡು ಹೊಡೆದೆ, ಏನೂ ಆಗಲಿಲ್ಲ" ಅನ್ನುವವರು ಈ ಸೇತುವೆಯನ್ನು ನೆನೆಸಿಕೊಳ್ಳಲಿ.

ನಳಿಗೆ ಓದಲು ಕಲಿಯಿರಿ

ತೋಟಾ ಹುಡುಕುವ ಮೊದಲು ಕೋವಿಯನ್ನು ಓದಬೇಕು. ಕೋವಿ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಮುಂಗೈ ಹಿಡಿಯುವ ಮರ ಕಳಚಿ, ನಳಿಗೆ ಬಿಡಿಸಿ, ಬೆನ್ನು ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಅಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಅವು ಅಲಂಕಾರ ಅಲ್ಲ, ಪರೀಕ್ಷೆ ಪಾಸಾದ ಸರ್ಟಿಫಿಕೇಟು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೂ ಕೋವಿ ಪರೀಕ್ಷೆ ಮಾಡುವ ಮನೆ ಇದೆ. ಲಂಡನ್ನಿನದು ಅದಕ್ಕಿಂತ ಹಳೇದು. ಅಲ್ಲಿ ಹೆಚ್ಚು ಮದ್ದು ಹಾಕಿ ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಬೆಲ್ಜಿಯಮ್ಮಿನ ಲೀಜ್ ಊರಿನ ಕೋವಿಯಾದರೆ ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಎಂಬ ಅಕ್ಷರ ಕಾಣುತ್ತದೆ.

ನೋಡಬೇಕಾದ್ದು ಮೂರು. ಒಂದು, ಉದ್ದದ ಗುರುತು. ಹಳೆ ಬ್ರಿಟಿಷ್ ಕೋವಿಯಲ್ಲಿ ಕಲ್ಲುಸಕ್ಕರೆ ಬಿಲ್ಲೆಯಂಥ ಚೌಕದೊಳಗೆ 12, ಕೆಳಗೆ ಸಿ ಅಕ್ಷರ ಇದ್ದರೆ ಅದು ಮೂರು ಇಂಚಿಗೆ ಕಡಿಮೆಯ ಮನೆ, ಹೆಚ್ಚಿನಂಶ ಎರಡೂವರೆಯದು. ಎಲ್.ಸಿ. ಇದ್ದರೆ ಮಾತ್ರ ಉದ್ದ ಮನೆ. ಎರಡು, ಮದ್ದಿನ ಗುರುತು. 1904ರಿಂದ ಎನ್.ಪಿ. ಎಂಬ ಮುದ್ರೆ ಇದೆ. ಅದು ಹೊಗೆಯಿಲ್ಲದ ನೈಟ್ರೋ ಮದ್ದಿಗೆ ಪರೀಕ್ಷೆಯಾದ ನಳಿಗೆ ಎಂಬುದಕ್ಕೆ. ಅಂಥ ಮಾತೇ ಇಲ್ಲದಿದ್ದರೆ ಆ ಕೋವಿ ಕರಿಮದ್ದಿನ ಕಾಲದ್ದು ಎಂದು ತಿಳಿಯಿರಿ. ಮೂರು, "ನಾಟ್ ಫಾರ್ ಬಾಲ್" ಎಂದು ಕೊರೆದಿದ್ದರೆ ಬಾಯಿ ಕಿರಿದಾದ ನಳಿಗೆ, ಒಂಟಿ ಗುಂಡು ಹಾಕಬೇಡಿ ಎಂದು ಅರ್ಥ. ಅದು 1875ರಿಂದ ಹತ್ತು ಹನ್ನೆರಡು ವರ್ಷ ಒತ್ತಿದ ಮುದ್ರೆ. ಕೋವಿಯ ವಯಸ್ಸೂ ಅದರಿಂದ ಗೊತ್ತಾಗುತ್ತದೆ.

ಮುದ್ರೆಯ ಜೊತೆಗೆ ನಳಿಗೆಯ ಮೈಯನ್ನೂ ನೋಡಿ. ಹಾವಿನ ಪೊರೆಯ ಹಾಗೆ, ಸೀರೆ ಅಂಚಿನ ಹಾಗೆ ಸುತ್ತು ಸುತ್ತು ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ನೋಡಲು ಬಲು ಚೆಂದ. ಕೆಲವು ಡಮಾಸ್ಕಸ್ ನಳಿಗೆಗಳು ನೈಟ್ರೋ ಪರೀಕ್ಷೆಯನ್ನೂ ಪಾಸು ಮಾಡಿವೆ, ಸುಳ್ಳಲ್ಲ. ಆದರೆ ಬಹುಪಾಲು ಕರಿಮದ್ದಿಗೆಂದೇ ಹುಟ್ಟಿದವು. ಆ ಬೆಸುಗೆಯ ಸಂದಿಯಲ್ಲಿ ನೂರು ಮಳೆಗಾಲದ ತುಕ್ಕು ಕೂತಿದ್ದರೆ ಹೊರಗಿನ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಕಪ್ಪು ಬಣ್ಣ ಹೊಡೆಸಿದ್ದರೆ ಗೆರೆಯೂ ಕಾಣುವುದಿಲ್ಲ. ಮರದ ಹಿಡಿಯ ಅಡಿಯಲ್ಲಿ, ಬಣ್ಣ ತಲುಪದ ಕಡೆ ನೋಡಬೇಕು.

ಕರಿಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಹೊಗೆ ಬಹಳ, ಒತ್ತಡ ನಿಧಾನ. 1884ರಲ್ಲಿ ಫ್ರಾನ್ಸಿನಲ್ಲಿ ವಿಯೆ ಎಂಬ ರಸಾಯನಶಾಸ್ತ್ರಜ್ಞ ರೈಫಲ್ಲಿಗೆ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಲೋಕದ ಕೋವಿಗಳೇ ಬದಲಾದವು. ಚಿಟಿಕೆಯಷ್ಟು ಮದ್ದಿಗೆ ಎಷ್ಟೋ ಹೆಚ್ಚು ಶಕ್ತಿ. ಇವತ್ತು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯಿಂದ ಬರುವ "ಶಕ್ತಿಮಾನ್" ತೋಟಾ ಇರಲಿ, ಬೇರೆ ಯಾವುದೇ ಕಂಪನಿಯದಿರಲಿ, ಒಳಗಿರುವುದು ಹೊಗೆಯಿಲ್ಲದ ಮದ್ದೇ. 1869ರಲ್ಲಿ ಹುಟ್ಟಿದ ಖಡ್ಕಿ ಕಾರ್ಖಾನೆ 2021ರ ಅಕ್ಟೋಬರಿನಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಗೆ ಸೇರಿದೆ. ಅದರ ತೋಟಾದಲ್ಲಿ ದೋಷವಿದೆ ಎಂದು ನಾವು ಹೇಳುತ್ತಿಲ್ಲ. ಒಳ್ಳೆ ತೋಟಾ ತಪ್ಪು ಕೋವಿಗೆ ಬಿದ್ದರೆ ಏನಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ.

ಅಂಗಡಿಗೆ ಹೋದವರು "ನಾಲ್ಕು ನಂಬರ್ ಕೊಡಿ, ಎಸ್.ಜಿ. ಕೊಡಿ" ಎಂದು ಚರೆಯ ನಂಬರನ್ನಷ್ಟೇ ಕೇಳುತ್ತಾರೆ. ಪೆಟ್ಟಿಗೆಯ ಮೇಲೆ 65 ಅಂತ ಇದೆಯೋ 70 ಅಂತ ಇದೆಯೋ, ಅದನ್ನು ಓದುವುದೇ ಇಲ್ಲ. ಇನ್ನು ಮುಂದೆ ಓದಿ.

ಕೇಪಿನ ಕೋವಿಯವರಿಗೆ ಎರಡು ಮಾತು

ತೋಟಾ ಸಿಗದ ಕೇಪಿನ ಕೋವಿಯವರದು ಇನ್ನೊಂದು ಕಥೆ. ಕರಿಮದ್ದು ತರಲು ಓಡಾಡಬೇಕು, ಕೇಪು ತರಲು ಓಡಾಡಬೇಕು. ಬೇಸತ್ತು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಹೊಸ ತೋಟಾ ಕೊಯ್ದು, ಅದರ ಮದ್ದನ್ನು ಕೇಪಿನ ಕೋವಿಯ ಬಾಯಿಗೆ ಸುರಿದು, ಗಜ ಹಾಕಿ ಜಡಿಯುವುದು. ದಯವಿಟ್ಟು ಮಾಡಬೇಡಿ. ಕರಿಮದ್ದಿನ ಅಳತೆಯಲ್ಲಿ ನೈಟ್ರೋ ಮದ್ದು ತುಂಬಿದರೆ ಅದು ಕೋವಿಯಲ್ಲ, ಭುಜಕ್ಕೆ ಕಟ್ಟಿಕೊಂಡ ಬಾಂಬು. ಸೀಳುವುದು ಮುಖದ ಪಕ್ಕದಲ್ಲೇ.

ಮದ್ದು ಹಳೆಯದಾದರೆ ಸತ್ತಿರುತ್ತದೆ ಎಂಬ ಧೈರ್ಯವೂ ಬೇಡ. 2018ರ ಜುಲೈನಲ್ಲಿ ನಮ್ಮದೇ ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ ಪಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ, ಆ ಬಾವಿಯ ಮಣ್ಣು ಇನ್ನೂ ಮದ್ದಿನ ವಾಸನೆ ಹೊಡೆಯುತ್ತಿತ್ತು. ಟಿಪ್ಪು ಸತ್ತದ್ದು 1799ರಲ್ಲಿ. ಎರಡು ಶತಮಾನ ನೀರು, ಕೆಸರಿನಲ್ಲಿದ್ದರೂ ಮದ್ದು ತನ್ನ ಗುರುತು ಬಿಟ್ಟಿರಲಿಲ್ಲ. ಇನ್ನು ಒಣ ಅಟ್ಟದ ಮೇಲೆ, ಹೊಗೆಗೂಡಿನ ಪಕ್ಕ ಡಬ್ಬಿಯಲ್ಲಿಟ್ಟ ಮದ್ದನ್ನು ನಂಬುವುದುಂಟೆ? 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದಾಗ ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಮನೆ ನಡುಗಿ ಜನ ಭೂಕಂಪ ಎಂದು ಬೀದಿಗೆ ಬಂದದ್ದು ಯಾರಿಗೆ ಮರೆತಿದೆ? ಅದು ಲಾರಿ ಲೆಕ್ಕದ ಸರಕು, ಇದು ಚಮಚದ ಲೆಕ್ಕ. ಆದರೆ ಅಸಡ್ಡೆ ಎರಡು ಕಡೆಯೂ ಒಂದೇ ಜಾತಿಯದು.

ತೋಟಾ ಕೋವಿಯವರೂ ಕೇಳಿ. 20 ಬೋರಿನ ತೋಟಾ ಅಪ್ಪಿತಪ್ಪಿ 12 ಬೋರಿಗೆ ಬಿದ್ದರೆ ಹಿಂದೆ ನಿಲ್ಲುವುದಿಲ್ಲ, ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಎಂದೇ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ಅದಕ್ಕೇ 20 ಬೋರಿನ ತೋಟಾವನ್ನು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ಮಾಡುತ್ತಾರೆ. ಎರಡು ಬೋರಿನ ತೋಟಾ ಒಂದೇ ಜೇಬಿನಲ್ಲಿ ಇಡಬಾರದು. ನಮ್ಮ ಮಲೆನಾಡಿನಲ್ಲಿ ಇನ್ನೊಂದು ಕಾಟ ಉಂಟು. ಗೋಡೆಗೆ ನೇತು ಹಾಕಿದ ಕೋವಿಯ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಹಂದಿ ಬಂತು ಎಂದು ರಾತ್ರಿ ಎದ್ದು ನೇರ ತೋಟಾ ತುಂಬಿದರೆ ಕಥೆ ಮುಗಿಯಿತು. ಹೊಡೆಯುವ ಮೊದಲು ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಲೇಬೇಕು. ಮಳೆಗಾಲದ ಥಂಡಿಗೆ ಉಬ್ಬಿದ ಹಳೆ ಕಾಗದದ ತೋಟಾವನ್ನು ಬಡಿದು ತುಂಬಬಾರದು. ಕುದುರೆ ಎಳೆದೂ ಹಾರದಿದ್ದರೆ, ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಒಂದು ನಿಮಿಷ ತಡೆಯಿರಿ, ಕೂಡಲೇ ಮುರಿಯಬೇಡಿ. ಕೆಲವು ತೋಟಾ ನಿದ್ದೆ ತಿಳಿದೆದ್ದ ಹಾಗೆ ತಡವಾಗಿ ಹಾರುತ್ತವೆ.

ಬೆಂಕಿಪುರದವರಿಗೆ ಒಂದು ಮನವಿ

ಭದ್ರಾವತಿಯ ಹಳೆ ಹೆಸರು ಬೆಂಕಿಪುರ. 1918ರಲ್ಲಿ ಮೈಸೂರು ಸರ್ಕಾರ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರು ಮಾಡಿ, 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ಇಳಿಸಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆ ಎಷ್ಟು ಕೈಗಳಿಗೆ ಲೇತು, ಮಿಲ್ಲಿಂಗು, ಬೆಸುಗೆ ಕಲಿಸಿತು ಎಂಬುದಕ್ಕೆ ಲೆಕ್ಕವಿಲ್ಲ. 2023ರ ಆರಂಭದಲ್ಲಿ ಅದನ್ನು ಮುಚ್ಚುತ್ತೇವೆ ಎಂದು ಸೈಲ್ ಹೊರಟಾಗ ಊರೇ ಬೀದಿಗೆ ಬಂದದ್ದು ಆ ಕೈಗಳ ಋಣಕ್ಕೆ. ಇವತ್ತಿಗೂ ಕೆಟ್ಟ ಯಂತ್ರಕ್ಕೆ ಬಿಡಿಭಾಗ ಸಿಗದಿದ್ದರೆ "ಭದ್ರಾವತಿಗೆ ಒಯ್ಯಿ, ಮಾಡಿಕೊಡ್ತಾರೆ" ಅನ್ನುವ ಮಾತಿದೆ.

ಆ ಮಾತು ಕೋವಿಗೂ ಹಬ್ಬಿರುವುದೇ ತೊಂದರೆ. "70ರ ತೋಟಾ ಹಿಡಿಯೋ ಹಾಗೆ ಚೇಂಬರ್ ಸ್ವಲ್ಪ ಕೊರೆದು ಕೊಡಣ್ಣ" ಎಂದು ಯಾರಾದರೂ ಲೇತಿನ ಮುಂದೆ ಬಂದು ನಿಂತರೆ, ಅಣ್ಣಂದಿರಾ, ಕೈ ಮುಗಿದು ವಾಪಸ್ ಕಳಿಸಿ. ಕೊರೆದಷ್ಟೂ ಗೋಡೆ ತೆಳುವಾಗುತ್ತದೆ. ಅದೂ ಒತ್ತಡ ಅತಿ ಹೆಚ್ಚು ಇರುವ ಜಾಗದ ಹತ್ತಿರವೇ. ಹಿಂದೆ ಪರೀಕ್ಷೆ ಮಾಡಿ ಒತ್ತಿದ ಮುದ್ರೆಗೆ ಆಮೇಲೆ ಬೆಲೆ ಇಲ್ಲ. ಲೈಸೆನ್ಸ್ ಇಲ್ಲದೆ ಕೋವಿ ರಿಪೇರಿ ಮಾಡುವುದು ಆಯುಧ ಕಾಯ್ದೆಯಲ್ಲಿ ಅಪರಾಧ ಬೇರೆ. ನೂರು ರೂಪಾಯಿಯ ಕೆಲಸಕ್ಕೆ ಹೋಗಿ ಜೈಲು, ಒಬ್ಬನ ಕಣ್ಣು ಎರಡನ್ನೂ ತಲೆಗೆ ಕಟ್ಟಿಕೊಳ್ಳಬೇಡಿ.

ಆದರೆ ಅದೇ ಕೈ ಮಾಡಬಹುದಾದ ಒಳ್ಳೆ ಕೆಲಸ ಒಂದಿದೆ. ಚೇಂಬರಿನ ಉದ್ದ ಅಳೆಯುವ ಗೇಜು ಬ್ರಹ್ಮವಿದ್ಯೆ ಅಲ್ಲ. ಹಿತ್ತಾಳೆಯ ಒಂದು ದುಂಡು ಕಡ್ಡಿ, ಅದರ ಮೇಲೆ 65, 70, 76 ಎಂದು ಗೆರೆ. ಒಳಗೆ ಬಿಟ್ಟರೆ ಎಲ್ಲಿ ನಿಲ್ಲುತ್ತದೋ ಅದು ಉದ್ದ. ಜಿಲ್ಲಾಡಳಿತ ನಕ್ಷೆ ಕೊಟ್ಟು ಕೇಳಿದರೆ ಭದ್ರಾವತಿಯ ಯಾವ ಟರ್ನರ್ ಮಾಡಿಕೊಡಲಾರ?

ತಕ್ಕಡಿಗೆ ಮುದ್ರೆ, ಬಸ್ಸಿಗೆ ಎಫ್.ಸಿ., ಕೋವಿಗೆ?

ಈಗ ಸರ್ಕಾರದ ಸರದಿ. ಅಂಗಡಿ ಸಾಹುಕಾರರೇ, ನಿಮ್ಮ ತಕ್ಕಡಿಯನ್ನು ತೂಕ ಅಳತೆಯವರು ಕಾಲಕಾಲಕ್ಕೆ ನೋಡಿ ಮುದ್ರೆ ಹಾಕುತ್ತಾರೆ. ಐದು ಗ್ರಾಂ ವ್ಯತ್ಯಾಸ ಬಂದರೆ ದಂಡ. ನೀವು ದಿನಾ ಹತ್ತುವ ಬಸ್ಸಿಗೆ ಎಫ್.ಸಿ. ಬೇಕು. ಬ್ರೇಕು, ಲೈಟು, ಟೈರು ನೋಡಿಯೇ ರಸ್ತೆಗೆ ಬಿಡಬೇಕು. ಆದರೆ ನೂರು ವರ್ಷದ ಕೋವಿ? ಲೈಸೆನ್ಸ್ ಪುಸ್ತಕದಲ್ಲಿ ಬೋರು ಇದೆ, ನಂಬರು ಇದೆ, ಎಷ್ಟು ತೋಟಾ ಕೊಳ್ಳಬಹುದು ಎಂದು ಇದೆ. ಚೇಂಬರ್ ಎಷ್ಟು ಉದ್ದ, ನಳಿಗೆ ಯಾವ ಮದ್ದಿನದು ಎಂದು ಬರೆಯುವ ರೂಢಿಯೇ ಇಲ್ಲ. ನವೀಕರಣದ ದಿನ ನಂಬರು ತಾಳೆಯಾದರೆ ಆಯಿತು. ಅದೂ ಮೊದಲು ಮೂರು ವರ್ಷಕ್ಕೊಮ್ಮೆ ಇತ್ತು. 2019ರ ತಿದ್ದುಪಡಿಯಿಂದ ಐದು ವರ್ಷಕ್ಕೆ ಹೋಯಿತು. ಕಾಗದಕ್ಕೆ ಅನುಕೂಲವಾಯಿತು. ತುಕ್ಕಿಗೂ ಎರಡು ವರ್ಷ ಹೆಚ್ಚು ಸಿಕ್ಕಿತು.

ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಬಜೆಟ್ಟೂ ಬೇಡ. ಚುನಾವಣೆ ಬಂದಾಗ ರೈತರ ಕೋವಿಗಳು ಠಾಣೆಗೆ ಬಂದು ಸಾಲಾಗಿ ನಿಲ್ಲುತ್ತವಲ್ಲ, 2023ರ ವಿಧಾನಸಭೆಗೂ 2024ರ ಲೋಕಸಭೆಗೂ ಇದೇ ಮಾತು. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ತರಿಸಿಕೊಳ್ಳಬೇಡಿ, ಜಿಲ್ಲಾ ಸಮಿತಿ ಒಂದೊಂದನ್ನೇ ನೋಡಿ ತೀರ್ಮಾನಿಸಲಿ ಎಂಬುದು ಚುನಾವಣಾ ಆಯೋಗದ್ದೇ ಸೂಚನೆ. ಬೆಳೆ ಕಾಯುವ ಹೊತ್ತಿನಲ್ಲಿ ಕೋವಿ ಠಾಣೆಯಲ್ಲಿ ಕೂತರೆ ಹಂದಿ, ಮಂಗಗಳಿಗೆ ನೀತಿ ಸಂಹಿತೆ ಇಲ್ಲ ಎಂಬ ರೈತರ ಗೊಣಗಾಟ ನ್ಯಾಯದ್ದೇ. ಆದರೆ ಹೇಗೂ ಬಂದು ಕೂತ ಕೋವಿಗಳನ್ನು ಧೂಳು ತಿನ್ನಲು ಬಿಡುವ ಬದಲು ಪೊಲೀಸ್ ಇಲಾಖೆಯ ಆರ್ಮರರ್ ಒಬ್ಬರು ಒಂದು ಗೇಜು, ಒಂದು ಟಾರ್ಚು ಹಿಡಿದು ನೋಡಬಾರದೇ? ಒಂದು ಕೋವಿಗೆ ಹತ್ತು ನಿಮಿಷ. ಚೀಟಿಯಲ್ಲಿ ಮೂರು ಸಾಲು: ಚೇಂಬರ್ 65, ನೈಟ್ರೋ ಮುದ್ರೆ ಇದೆ ಅಥವಾ ಇಲ್ಲ, ನಳಿಗೆ ಕ್ಷೇಮ ಅಥವಾ ಹೊಡೆಯಬೇಡಿ.

ಆ ಚೀಟಿ ಲೈಸೆನ್ಸ್ ಪುಸ್ತಕಕ್ಕೆ ಅಂಟಿಸಿದರೆ ಅಂಗಡಿಯವರಿಗೂ ಅನುಕೂಲ. 65 ಎಂದು ಬರೆದವನಿಗೆ 70 ಕೊಡುವುದಿಲ್ಲ ಎಂದು ಅವರೂ ಧೈರ್ಯವಾಗಿ ಹೇಳಬಹುದು. ಈಗ ಹೇಳಿದರೆ ಗಿರಾಕಿ ಸಿಟ್ಟಾಗಿ ಪಕ್ಕದ ಊರಿಗೆ ಹೋಗುತ್ತಾನೆ.

ಹೆದರಿಕೆಯ ಮಾತು

ಈ ಸಲಹೆಗೆ ಎದುರು ಮಾತು ಏನು ಬರುತ್ತದೆ ಎಂದು ನಮಗೆ ಗೊತ್ತು. "ತಪಾಸಣೆ ಅಂದ ಕೂಡಲೇ ಕೋವಿ ಕಿತ್ಕೋತಾರೆ ಸ್ವಾಮಿ. ಬೇಡ ಬಿಡಿ, ಈಗಿರೋ ಹಾಗೇ ಇರಲಿ." ಈ ಹೆದರಿಕೆಯನ್ನು ನಕ್ಕು ತಳ್ಳುವ ಹಾಗಿಲ್ಲ. ಹೊಸ ಲೈಸೆನ್ಸಿಗೆ ಓಡಾಡಿ ಚಪ್ಪಲಿ ಸವೆಸಿದವರಿಗೆ ಅದರ ಕಷ್ಟ ಗೊತ್ತು. ಆದ್ದರಿಂದ ಜಿಲ್ಲಾಧಿಕಾರಿಗಳು ಮೊದಲೇ ಒಂದು ಮಾತು ಕೊಡಬೇಕು. ಪರೀಕ್ಷೆಯಲ್ಲಿ ಕೋವಿ ಬಿದ್ದುಹೋದರೆ ಲೈಸೆನ್ಸ್ ಬೀಳುವುದಿಲ್ಲ. ಅದೇ ಲೈಸೆನ್ಸಿನ ಮೇಲೆ ಬೇರೆ ಕೋವಿ ಕೊಳ್ಳಲು ಅಲೆದಾಡಿಸದೆ ಅನುಮತಿ ಕೊಡುತ್ತೇವೆ ಎಂದು. ಆ ಒಂದು ಭರವಸೆ ಇಲ್ಲದಿದ್ದರೆ ಕೆಟ್ಟ ಕೋವಿಗಳೆಲ್ಲ ಅಟ್ಟದಲ್ಲೇ ಅಡಗುತ್ತವೆ. ತಪಾಸಣೆಗೆ ಬರುವುದು ಚೆನ್ನಾಗಿರುವ ಕೋವಿಗಳು ಮಾತ್ರ.

ಇನ್ನೊಂದು ಕಡೆಯವರು ಕೇಳುತ್ತಾರೆ, ಈ ಕಾಲದಲ್ಲಿ ಕೋವಿಯೇ ಯಾಕೆ, ಸೋಲಾರ್ ಬೇಲಿ ಹಾಕಿಕೊಳ್ಳಲಿ ಎಂದು. ಹಾಕಿಕೊಳ್ಳಲಿ, ಶಕ್ತಿ ಇದ್ದವರು ಹಾಕಿಕೊಂಡಿದ್ದಾರೆ. ಕೋವಿ ಇದೆ ಎಂದು ಕಾಡುಪ್ರಾಣಿ ಕೊಲ್ಲಲು ಯಾರಿಗೂ ಹಕ್ಕಿಲ್ಲ ಎಂಬುದನ್ನೂ ಇಲ್ಲೇ ಸ್ಪಷ್ಟವಾಗಿ ಹೇಳುತ್ತೇವೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೆಳೆಗೆ ಅಪಾಯವಾದ ಪ್ರಾಣಿಯ ವಿಷಯದಲ್ಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಗದ್ದೆ ಬದುವಿನಲ್ಲಿ ನಿಂತು ಸದ್ದಿಗೆ ಹಾರಿಸುವ ಒಂದು ಈಡು ಬೇರೆ, ಶಿಕಾರಿ ಬೇರೆ. ಆದರೆ ಸದ್ದಿಗೆ ಹಾರಿಸಿದರೂ ಕೋವಿ ಸೀಳಿದರೆ ಹೋಗುವ ಕಣ್ಣು ಒಂದೇ ತಾನೆ?

ಪರೀಕ್ಷೆಯಲ್ಲಿ ನಪಾಸಾದ ಕೋವಿಯನ್ನು ಎಸೆಯಬೇಕಾಗಿಲ್ಲ. ಅಜ್ಜನ ನೆನಪು ಬೇಕು ಅನ್ನುವವರು ಕಾಯ್ದೆ ಪ್ರಕಾರ ಅದನ್ನು ಖಾಯಂ ಆಗಿ ಹಾರದಂತೆ ಮಾಡಿಸುವ ದಾರಿಯನ್ನು ಅಧಿಕಾರಿಗಳ ಹತ್ತಿರ ವಿಚಾರಿಸಲಿ. ಆಯುಧ ಪೂಜೆಯ ದಿನ ಕುಂಕುಮ ಇಟ್ಟು, ಹೂವು ಮುಡಿಸಿ ಕೈ ಮುಗಿಯಲಿ. ಅಜ್ಜನಿಗೆ ಅದರಿಂದ ಅಗೌರವ ಆಗುವುದಿಲ್ಲ. ಅಪ್ಪ ನೆಟ್ಟ ಆಲದ ಮರ ಎಂದು ನೇಣು ಹಾಕಿಕೊಳ್ಳಬೇಕಾಗಿಲ್ಲ ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿದ್ದು.

ನಮ್ಮ ಒತ್ತಾಯ ಮೂರೇ. ಹಳೆ ಕೋವಿಗಳ ಚೇಂಬರ್ ಉದ್ದ, ಮದ್ದಿನ ಮುದ್ರೆ ಎರಡನ್ನೂ ನವೀಕರಣದ ಹೊತ್ತಿಗೆ ಅಳೆದು ಲೈಸೆನ್ಸಿನ ಜೊತೆ ದಾಖಲಿಸಿ. ಶಿವಮೊಗ್ಗದಲ್ಲೊಂದು, ಭದ್ರಾವತಿಯಲ್ಲೊಂದು ದಿನ ಗೊತ್ತು ಮಾಡಿ ಆರ್ಮರರನ್ನು ಕೂರಿಸಿ, ಶುಲ್ಕವಿಲ್ಲದೆ ನೋಡಿಕೊಡಿ. ಕೋವಿ ನಪಾಸಾದರೂ ಲೈಸೆನ್ಸ್ ಉಳಿಯುತ್ತದೆ ಎಂದು ಲಿಖಿತವಾಗಿ ಹೇಳಿ. ಒಂದು ಹಿತ್ತಾಳೆ ಕಡ್ಡಿಯ ಖರ್ಚಿನಲ್ಲಿ ಆಗುವ ಕೆಲಸ ಇದು. ಯಾರದೋ ಬೆರಳು ಹಾರಿ ಮೆಗ್ಗಾನ್ ಆಸ್ಪತ್ರೆಯ ಮುಂದೆ ಜನ ಸೇರಿದ ಮೇಲೆ ಸುತ್ತೋಲೆ ಹೊರಡಿಸುವುದು ಬೇಡ.

ಅಲ್ಲಿಯ ತನಕ, ಕೋವಿ ಇರುವ ನಮ್ಮ ಓದುಗರು ತೋಟಾ ಕೊಳ್ಳುವ ಮೊದಲು ನಳಿಗೆ ಬಿಚ್ಚಿ ನೋಡಲಿ. ಮುದ್ರೆ ಕಾಣದಿದ್ದರೆ, ಕಂಡರೂ ಅರ್ಥವಾಗದಿದ್ದರೆ, ಬಲ್ಲವರು ನೋಡಿ ಹೇಳುವ ತನಕ ತುಂಬಬೇಡಿ. ಈ ವರ್ಷ ಹಂದಿ ಒಂದು ಗದ್ದೆ ಮೆದ್ದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು.